ಮಾಮಾನ ಬಂಗಾರದ ಬೇಟೆ

ಅಂದು ರಾಯಚೂರಿನ ಸರಾಫರ ಓಣಿಯ ಪುಟ್ಟ ಅಂಗಡಿಯಲ್ಲಿ ನಾವು ನಾಲ್ವರಿದ್ದೆವು: ಬಂಗಾರ ಕರಗಿಸುವ ಮೂಸೆಗೆ ಬೆಂಕಿ ಊದುತ್ತಿದ್ದ ಅಕ್ಕಸಾಲಿಗ ಪತ್ತಾರ, ಉಸಿರು ಬಿಗಿಹಿಡಿದ ನನ್ನ ಸೋದರಮಾವ, ಮುಖ ಗಂಟಿಕ್ಕಿದ ಅವರ ಹೆಂಡತಿ ನಮ್ಮ ಅತ್ತಿ, ನಡುವೆ ನಾನು. ಲೋಕದಲ್ಲಿ ಬಂಗಾರದ ಹುಚ್ಚು ಹಿಡಿದು ಓಡಿದವರೆಲ್ಲ ಎಂದೋ ಮನೆ ಸೇರಿದರು. ನಮ್ಮ ಮಾಮಾ ಒಬ್ಬರೇ ಇನ್ನೂ ಓಡುತ್ತಿದ್ದರು!

ಮಾನ್ವಿಯಲ್ಲಿ ಭೂಗೋಳ ಕಲಿಸಿ ನಿವೃತ್ತರಾದ ಮೇಷ್ಟ್ರು ಅವರು. ಮದುವೆಯ ಹೊಸತರಲ್ಲಿ, ದೇವಸುಗೂರಿನಲ್ಲಿ ಮುಳುಗು ಹಾಕುವಾಗ ಅತ್ತಿಯ ಮೂಗುತಿ ಕೃಷ್ಣೆಯ ಪಾಲಾಯಿತು. "ಅಳಬ್ಯಾಡ, ನನ್ನ ಕೈಯಾರೆ ಮಣ್ಣು ತೊಳದು ಬಂಗಾರ ತರ್ತೀನಿ," ಅಂದರು ಮಾಮಾ. ಅತ್ತಿಯೂ ಜಿದ್ದಿಗೆ ಬಿದ್ದಳು: "ಅಲ್ಲೀತನಕ ಬ್ಯಾರೆ ಮೂಗುತಿ ಮುಟ್ಟಂಗಿಲ್ಲ!"

"ಕ್ಯಾಲಿಫೋರ್ನಿಯಾದಾಗ ಬಂಗಾರ ಸಿಕ್ಕಿತಂದ ಕೂಡ್ಲೆ ನಾವಿಕರು ಹಡಗ ಬಿಟ್ಟು ಓಡಿದ್ರು, ಗೊತ್ತೇನು?" ಎಂದು ಮಾಮಾ ಎದೆಯುಬ್ಬಿಸಿದರೆ ಅತ್ತಿ, "ನೀವು ಸಂತ್ಯಾಗ ಕಾಯಿಪಲ್ಲೆ ಚೀಲ ಬಿಟ್ಟು ಬಂದೀರಿ, ಮೊದ್ಲು ಅದನ್ನ ತರ್ರಿ," ಅನ್ನುವಳು.

ಒಮ್ಮೆ ದೇವದುರ್ಗದ ಮದುವೆಗೆ ಹೊರಟ ಮಾಮಾ ಹಳ್ಳದಲ್ಲಿ ಕರಿ ಮರಳು ಕಂಡು, ಅದು ಬಂಗಾರದ ಸುಳಿವೆಂದು ಬಸ್ಸಿಳಿದೇಬಿಟ್ಟರು. ಬೀಗರು ಉಂಡು ಕೈ ತೊಳೆಯುವ ಹೊತ್ತಿಗೆ, ಮೊಣಕಾಲುದ್ದ ಕೆಸರಿನೊಂದಿಗೆ ಪ್ರತ್ಯಕ್ಷ! ಕೈಯಲ್ಲಿ ಥಳಥಳ ಹೊಳೆಯುವ ಕಲ್ಲು. ಮರುದಿನ ಅಂಗಡಿಯಲ್ಲಿ ಪತ್ತಾರ ಅದನ್ನು ನೋಡಿ ನಿಟ್ಟುಸಿರಿಟ್ಟ: "ಸರ, ಇದು ಕಾಗಿಬಂಗಾರ. ಬರೀ ಅಭ್ರಕ."

"ಹಂಗಾರ ಯಾವದಾರ ಕಾಗಿಗೆ ಮೂಗು ಚುಚ್ಚಸ್ರಿ," ಅಂದಳು ಅತ್ತಿ.

ಕೊನೆಗೆ ಪತ್ತಾರನೇ ಕನಿಕರಿಸಿದ. "ಹಳ್ಳ ಬಿಡ್ರಿ ಸರ. ನಾವು ಬಂಗಾರ ಉಜ್ಜೋಮುಂದ ಹಾರಿದ ಪುಡಿ ಈ ಓಣಿ ದೂಳಿನಾಗ ಅದ. ಹಿಂದಿನವರು ಇದನ್ನ ತೊಳದು ಬಂಗಾರ ತಗೀತಿದ್ರು."

ಅಷ್ಟೇ ಸಾಕಾಯಿತು! ಮಾಮಾ ದಿನಾ ಮಾನ್ವಿಯ ಮೊದಲ ಬಸ್ಸಿಗೆ ಬಂದು ಓಣಿ ಗುಡಿಸತೊಡಗಿದರು. ಹಳೆಯ ಶಿಷ್ಯನೊಬ್ಬ ಗಾಬರಿಯಾಗಿ, "ನಮಸ್ಕಾರ್ರಿ ಸರ... ಏನ್ರಿ ಇದು?" ಎಂದರೆ, "ಕಾಲ್ ಎತ್ತಲೇ, ನನ್ನ ಗಣಿ ಮ್ಯಾಲ ನಿಂತೀದಿ!" ಎಂದು ಗದರಿದರು. ಎರಡು ವರ್ಷ ಗುಡಿಸಿದ್ದೂ ಗುಡಿಸಿದ್ದೇ, ಮರದ ಮರಿಗೆಯಲ್ಲಿ ತೊಳೆದದ್ದೂ ತೊಳೆದದ್ದೇ.

ಹಾಗೆ ಕೂಡಿಸಿದ್ದೆಲ್ಲ ಅಂದು ಪತ್ತಾರನ ಮೂಸೆಯಲ್ಲಿತ್ತು. ಮೂಸೆ ತಣ್ಣಗಾಯಿತು. ತಳದಲ್ಲಿ ಜೋಳದ ಕಾಳಿನಷ್ಟು ಬಂಗಾರ! ಮಾಮಾ ಓಣಿಗೆ ಜಿಗಿದು "ಸಿಕ್ತು!" ಎಂದು ಕೂಗಿದ ಅಬ್ಬರಕ್ಕೆ ಎದುರಿನ ಚಹಾದವನು ಬೆಚ್ಚಿ, ಅವನ ಹಾಲು ಉಕ್ಕಿ ಹರಿಯಿತು.

ಪತ್ತಾರ ಅಲ್ಲೇ ಕೂತು ಮೂಗುತಿ ಮಾಡಿದ. ಕೊಡುವಾಗ ಅಳುಕಿದ: "ಅಮ್ಮಾರ, ಇಷ್ಟು ವರ್ಷಕ್ಕ ತೂತು ಮುಚ್ಚಿರ್ತದ. ಮತ್ತ ಚುಚ್ಚಬೇಕ್ರಿ."

ಅತ್ತಿ ಗೋಡೆಯತ್ತ ತಿರುಗಿದಳು. ನಾವೆಲ್ಲ ಮಚ್ಚೆ ಎಂದುಕೊಂಡಿದ್ದ ಮೂಗಿನ ಕರಿಚುಕ್ಕೆಯನ್ನು ಹಿಡಿದು ಮೆಲ್ಲಗೆ ಎಳೆದಳು. ಬೇವಿನ ಕಡ್ಡಿ! ತೂತು ಮುಚ್ಚದಂತೆ ಇಷ್ಟು ವರ್ಷ ಕಡ್ಡಿ ಬದಲಿಸುತ್ತಲೇ ಇದ್ದಳು. ಮರಳಿನ ಕಣವನ್ನೂ ಬಿಡದ ಮಾಮಾನ ಕಣ್ಣಿಗೆ ಅದೊಂದು ಕಂಡಿರಲಿಲ್ಲ.

"ಏನ್ ನೋಡ್ತೀರಿ? ಕೊಡ್ರಿ ಇತ್ತ," ಅಂದಳು.

ಹೊರಡುವಾಗ ಮಾಮಾ, ಬಂಗಾರ ಸುತ್ತುವ ಗುಲಾಬಿ ಕಾಗದ ಒಂದನ್ನು ಪತ್ತಾರನಲ್ಲಿ ಕೇಳಿ ಪಡೆದರು. ಆ ಕಡ್ಡಿಯನ್ನು ಅದರಲ್ಲಿ ಸುತ್ತಿ ಎದೆಯ ಕಿಸೆಯಲ್ಲಿ ಇಟ್ಟುಕೊಂಡರು.