ಅಂಪಾಯರ್ ಉಮಾನಾಥರ ಎರಡೂ ಕಿವಿಗಳಿಗೆ ಆದೇಶ ಹೊರಡಿಸುವ ಬಗ್ಗೆ

ಇಂದ,
ಅಕ್ಕು ಉಮಾನಾಥ ಸಾಲಿಯಾನ್,
ಗ್ರಾಮ ಪಂಚಾಯತಿನ ನಿವೃತ್ತ ಗುಮಾಸ್ತೆ,
ಶಂಕರಪುರ, ಕಾಪು ತಾಲೂಕು.

ಗೆ,
ಶ್ರೀ ಪಾಸ್ಕಲ್ ಮಾಸ್ಟ್ರು,
ಮಾನ್ಯ ಅಧ್ಯಕ್ಷರು,
ಪಡುಗಾಳಿ ಕಬಡ್ಡಿ ತೀರ್ಪುಗಾರರ ಮಂಡಳಿ, ಕಾರ್ಕಳ.

ವಿಷಯ: ತಮ್ಮ ಮಂಡಳಿಯ ಹಿರಿಯ ಅಂಪಾಯರ್ ಹಾಗೂ ಅರ್ಜಿದಾರಳ ಗಂಡನಾದ ಶ್ರೀ ಉಮಾನಾಥ ಸಾಲಿಯಾನ್ ಇವರು ಕಿವಿಗೆ ಶ್ರವಣ ಸಾಧನ ಹಾಕಿಕೊಂಡೇ ಅಂಕಣಕ್ಕೆ ಇಳಿಯತಕ್ಕದ್ದು ಎಂದು ಲಿಖಿತ ಆದೇಶ ನೀಡುವ ಬಗ್ಗೆ.

ಉಲ್ಲೇಖ: (೧) ಅರ್ಜಿದಾರಳು ಸದರಿ ಗಂಡನಿಗೆ ಆರು ವರ್ಷಗಳಿಂದ ಮಾಡುತ್ತ ಬಂದ ಮೌಖಿಕ ಮನವಿಗಳು. ಒಂದಕ್ಕೂ ಉತ್ತರ ಬಂದಿರುವುದಿಲ್ಲ.
(೨) ಕಾಪುವಿನ ಪಂದ್ಯಾಟದಲ್ಲಿ ತಮ್ಮ ಮಂಡಳಿ ಹೊದೆಸಿದ ಶಾಲು.
(೩) ಮಣಿಪಾಲದಲ್ಲಿ ಮಾಡಿಸಿದ ಕಿವಿ ಪರೀಕ್ಷೆಯ ವರದಿ.

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ಅರ್ಜಿದಾರಳು ತನ್ನ ಸೇವಾವಧಿಯಲ್ಲಿ ಊರಿಗೆಲ್ಲ ಅರ್ಜಿ ಬರೆದುಕೊಟ್ಟವಳಾಗಿದ್ದು, ಬೀದಿದೀಪ, ನಲ್ಲಿನೀರು, ನೆರೆಮನೆಯ ಹುಂಜದ ಉಪಟಳ ಮುಂತಾದ ಸಕಲ ವಿಷಯಗಳಲ್ಲಿ ಕೈ ಪಳಗಿಸಿಕೊಂಡಿರುತ್ತಾಳೆ. ಸ್ವಂತಕ್ಕೆಂದು ಬರೆಯುವುದು ಇದೇ ಮೊದಲು. ಆದ್ದರಿಂದ ತಪ್ಪಿದ್ದರೆ ಮನ್ನಿಸಬೇಕು, ಉದ್ದವಾದರೆ ಸಹಿಸಬೇಕು, ನಡುವೆ ನಗು ಬಂದರೆ ಕಚೇರಿಯ ಬಾಗಿಲು ಹಾಕಿಕೊಂಡು ನಗಬೇಕು.

೧. ಸದರಿ ಉಮಾನಾಥರಿಗೆ ನಿಯಮವೆಂದರೆ ದೇವರಿಗಿಂತ ಒಂದು ತೂಕ ಹೆಚ್ಚು ಎಂಬುದು ತಮಗೆ ತಿಳಿಯದ ಸಂಗತಿಯಲ್ಲ. ಅಂಪಾಯರುಗಳು ಉಗುರು ಕತ್ತರಿಸಿಕೊಂಡು ಬರಬೇಕೆಂದು ತಾವು ಒಮ್ಮೆ ಸುತ್ತೋಲೆ ಕಳುಹಿಸಿದ್ದೀರಿ. ಅಂದು ಸದರಿ ಮನೆಯಲ್ಲಿ ಎಲ್ಲರ ಉಗುರೂ ಹೋಯಿತು. ಬೆಕ್ಕು ಒಂದು ತಪ್ಪಿಸಿಕೊಂಡಿತು. ಹೆಂಡತಿ ಹೇಳಿದರೆ ಆಗುವುದಿಲ್ಲ, ಮಗಳು ಹೇಳಿದರೆ ಆಗುವುದಿಲ್ಲ, ಡಾಕ್ಟರು ಹೇಳಿದರೂ ಆಗುವುದಿಲ್ಲ. ಮಂಡಳಿಯ ಮೊಹರು ಬಿದ್ದ ಕಾಗದದಲ್ಲಿ ಬಂದರೆ ಮಾತ್ರ ಆಗುತ್ತದೆ. ಈ ಅರ್ಜಿಯ ಮೂಲ ಕಾರಣ ಇದೇ ಆಗಿರುತ್ತದೆ.

೨. ಆರು ವರ್ಷಗಳ ಹಿಂದೆ ಸದರಿಯವರು, ಅರ್ಜಿದಾರಳು ಬೆನ್ನ ಹಿಂದಿನಿಂದ ಕರೆದರೆ ತಿರುಗುವುದನ್ನು ನಿಲ್ಲಿಸಿದರು. ಕುಕ್ಕರ್ ಕೂಗಿ ಕೂಗಿ ಅನ್ನ ಗಂಜಿಯಾದರೂ ಪಕ್ಕದಲ್ಲೇ ಪೇಪರ್ ಓದುತ್ತ ಕುಳಿತಿರುತ್ತಿದ್ದರು. ಆದರೆ ಮುಖ್ಯರಸ್ತೆಗೆ ಬಸ್ಸು ಬಂದದ್ದು ಗೊತ್ತಾಗುತ್ತಿತ್ತು, ದೂರದ ಚೆಂಡೆ ಗೊತ್ತಾಗುತ್ತಿತ್ತು. ಕಾರಣ, ಇದು ಶುದ್ಧ ಜಾಣಕಿವುಡು ಎಂದು ಅರ್ಜಿದಾರಳು ಯಾವ ವಿಚಾರಣೆಯನ್ನೂ ನಡೆಸದೆ ತೀರ್ಮಾನಿಸಿ, ಸಿಟ್ಟನ್ನು ಕೂಡಿಡಲು ಪ್ರಾರಂಭಿಸಿದಳು. ನೆರೆಮನೆಯ ಡುಲ್ಸಿನ್ ಬಾಯಿ ಬೆಳ್ಳುಳ್ಳಿ ಹಾಕಿ ಕಾಯಿಸಿದ ತೆಂಗಿನೆಣ್ಣೆ ತಂದುಕೊಟ್ಟು, "ಎರಡು ಬಿಂದು ಬಿಡಿ ಅಕ್ಕುಬಾಯಿ, ನಾಳೆಗೆ ಇರುವೆ ನಡೆದದ್ದೂ ಕೇಳ್ತದೆ" ಎಂದರು. ಬಿಟ್ಟದ್ದಾಯಿತು. ಕಿವಿಯಿಂದ ಒಗ್ಗರಣೆಯ ಪರಿಮಳ ಬಂದದ್ದು ಬಿಟ್ಟರೆ ಬೇರೆ ಪ್ರಗತಿ ಕಂಡುಬರಲಿಲ್ಲ. ಕಿವಿಗೆ ಎಣ್ಣೆ, ಹೇರ್‌ಪಿನ್ನು, ಬೆಂಕಿಕಡ್ಡಿ ಯಾವುದನ್ನೂ ಹಾಕಬಾರದೆಂದು ಆಮೇಲೆ ಮಣಿಪಾಲದಲ್ಲಿ ಬೈಗುಳ ಸಿಕ್ಕಿತು.

೩. ಹೀಗಿರುತ್ತ, ಕಾಪುವಿನ ಪಂದ್ಯಾಟದ ಫೈನಲಿಗೆ ಅರ್ಜಿದಾರಳ ಅಳಿಯ ಕೀರ್ತನನ ತಂಡ ಬಂತು. ಅಳಿಯ ಆಡುವಲ್ಲಿ ಮಾವ ಅಂಪಾಯರ್ ಆಗಬಾರದಿತ್ತು. ಆದರೆ ಬರಬೇಕಾದವರು ಬಾರದ ಕಾರಣ, ಎದುರಾಳಿಗಳೇ "ಉಮಾನಾಥಣ್ಣ ಆದರೆ ನಮ್ಮದೇನೂ ಅಭ್ಯಂತರ ಇಲ್ಲ" ಎಂದು ಒಪ್ಪಿದರು. ಇಲ್ಲಿ ಒಂದು ಸಂಗತಿಯನ್ನು ಗಮನಕ್ಕೆ ತರಲಾಗಿದೆ. ಹೆಂಡತಿ ಬಸುರಿಯಾದರೆ ಗಂಡ ಗಡ್ಡ ತೆಗೆಯಬಾರದೆಂಬ ಕಟ್ಟಳೆಯನ್ನು ಕೀರ್ತನ್ ತನ್ನ ಅಜ್ಜಿಯ ಮಾತಿಗೆ ಕಟ್ಟುಬಿದ್ದು ಪಾಲಿಸುತ್ತಿದ್ದನು. ಅರ್ಜಿದಾರಳ ಮಗಳು ವಿಜೇತಾಳಿಗೆ ಏಳು ತಿಂಗಳು ತುಂಬುವ ಹೊತ್ತಿಗೆ ಅವನ ಮುಖದಲ್ಲಿ ಮೂಗು ಮತ್ತು ಕಣ್ಣು ಮಾತ್ರ ಬಾಕಿ ಉಳಿದಿದ್ದವು.

ಎದುರಾಳಿಯ ಅಂಕಣಕ್ಕೆ ನುಗ್ಗಿದವನು ಒಂದೇ ಉಸಿರಿನಲ್ಲಿ ಕಬಡ್ಡಿ ಕಬಡ್ಡಿ ಎನ್ನುತ್ತಲೇ ಇರಬೇಕು, ನಿಲ್ಲಿಸಿದರೆ ಔಟ್ ಎಂಬುದನ್ನು ಅಧ್ಯಕ್ಷರಿಗೇ ಹೇಳಿಕೊಡುವ ಉದ್ಧಟತನ ಅರ್ಜಿದಾರಳಿಗಿಲ್ಲ. ಕಡತ ಪೂರ್ತಿಯಾಗಲೆಂದು ನಮೂದಿಸಿದೆ. ಕೊನೆಯ ಸುತ್ತಿನಲ್ಲಿ ಕೀರ್ತನ್ ಒಳನುಗ್ಗಿ ಇಬ್ಬರನ್ನು ಮುಟ್ಟಿ ಗೆರೆಯತ್ತ ಹಾರುವಷ್ಟರಲ್ಲಿ ಸದರಿ ಉಮಾನಾಥರು ವಿಸಿಲ್ ಊದಿದರು.

"ಮಾವ, ನಾನು ಹೇಳ್ತಾ ಇದ್ದೇನಲ್ಲ!" ಎಂದು ಕೀರ್ತನ್ ತನ್ನ ಬಾಯಿಯತ್ತ ಬೆರಳು ತೋರಿಸಿದನು.

"ನಿನ್ನ ಬಾಯಿ ಆಡಲೇ ಇಲ್ಲ ಮಾರಾಯ. ಔಟ್."

ಗ್ಯಾಲರಿಯಲ್ಲಿ ಕುಳಿತ ಅರ್ಜಿದಾರಳಿಗೇ ಆ ಕಬಡ್ಡಿ ಕೇಳಿಸಿತ್ತು. ಕಡಲೆ ಮಾರುವವನಿಗೂ ಕೇಳಿಸಿತ್ತು.

೪. ಮುಂದಿನದ್ದು ತಾವೇ ಬಲ್ಲಿರಿ. "ಸ್ವಂತ ಅಳಿಯನನ್ನೂ ಬಿಡಲಿಲ್ಲ!" ಎಂದು ಜನ ಹುಚ್ಚೆದ್ದು ಚಪ್ಪಾಳೆ ತಟ್ಟಿದರು. ತಾವು ಮೈಕ್ ಹಿಡಿದು, ಇಂಥ ನ್ಯಾಯವಂತರು ಈ ಕಾಲದಲ್ಲಿ ದುರ್ಲಭ ಎಂದು ಗದ್ಗದಿತರಾಗಿ ಶಾಲು ಹೊದೆಸಿದಿರಿ. ಒಂದು ಅಂಕದಲ್ಲಿ ಸೋತ ಕೀರ್ತನ್ ಕೂಡ, ಎಲ್ಲರೂ ತಟ್ಟುತ್ತಿದ್ದಾರಲ್ಲ ಎಂದು ಚಪ್ಪಾಳೆ ತಟ್ಟಿದನು. ಪಾಪದ ಹುಡುಗ.

೫. ಆದರೆ ಹೆರಿಗೆಗೆಂದು ತವರಿಗೆ ಬಂದಿದ್ದ ವಿಜೇತಾ ಅಪ್ಪನೊಂದಿಗೆ ಮಾತು ಬಿಟ್ಟಳು. ಖೇದದ ಸಂಗತಿಯೆಂದರೆ ಮಗಳು ಮಾತು ಬಿಟ್ಟಿದ್ದಾಳೆಂಬುದು ಅಪ್ಪನ ಗಮನಕ್ಕೆ ಬರಲು ಎರಡು ವಾರ ಹಿಡಿಯಿತು. ಕೊನೆಗೊಂದು ಬೆಳಿಗ್ಗೆ ತಿಂಡಿಗೆ ಕುಳಿತಾಗ ಅವಳ ಮುಖವನ್ನೇ ನೋಡಿ, "ಎಂತ ಮಗಾ, ಮಾತಾಡುವುದಿಲ್ಲವಾ?" ಎಂದು ಕೇಳಿದರು.

"ಮಾತು ಬಿಟ್ಟು ಎಷ್ಟು ದಿವಸ ಆಯಿತು ಅಪ್ಪ!"

"ನನಗೆ ಒಂದು ಮಾತು ಹೇಳುವುದಲ್ವಾ?"

"ಮಾತು ಬಿಟ್ಟವಳು ಹೇಗೆ ಹೇಳುವುದು?"

ಇಬ್ಬರೂ ನಕ್ಕು ನಕ್ಕು ನೀರುದೋಸೆ ಗಂಟಲಿಗೆ ಸಿಕ್ಕಿಸಿಕೊಂಡರು. ಅರ್ಜಿದಾರಳು ಮಾತ್ರ ನಗಲಿಲ್ಲ. ಮುದ್ದಿನ ಮಗಳು ಸುಮ್ಮನಾದದ್ದೇ ತಿಳಿಯದವರದ್ದು ಜಾಣಕಿವುಡು ಹೇಗಾದೀತು ಎಂಬ ಸಂಶಯ ಆಗಲೇ ಹುಟ್ಟಿತು.

೬. ಪರೀಕ್ಷೆಗೆ ಕರೆದರೆ ಬರಲಾರರೆಂದು ತಿಳಿದು, "ಅಂಪಾಯರುಗಳ ಕಿವಿ ತಪಾಸಣೆ ಆಗಬೇಕಂತೆ, ಮಂಡಳಿ ಹೇಳಿದೆ" ಎಂದು ಅರ್ಜಿದಾರಳು ತಮ್ಮ ಹೆಸರಿನಲ್ಲಿ ಒಂದು ಸುಳ್ಳು ಹೇಳಿದಳು. ಅದಕ್ಕೆ ಕ್ಷಮೆ ಇರಲಿ. ಮುಂದೆ ಇನ್ನೊಂದು ಬರಲಿದೆ. ಸದರಿಯವರು ಇಸ್ತ್ರಿ ಹಾಕಿದ ಬಿಳಿ ಅಂಗಿ, ಬಿಳಿ ಪ್ಯಾಂಟು, ಕೊರಳಲ್ಲಿ ವಿಸಿಲ್ ಸಮೇತ ಮಣಿಪಾಲದ ಬಸ್ಸು ಹತ್ತಿದರು. ಹೂಡೆಯ ಕಡೆಯ ರಾಹಿಲಾ ಎಂಬ ಹುಡುಗಿ ಅಲ್ಲಿ ಕಿವಿ ಪರೀಕ್ಷೆ ಮಾಡುವವಳು. ಸದ್ದೇ ಹೊಗದ ಸಣ್ಣ ಕೋಣೆಯಲ್ಲಿ ಅವರನ್ನು ಕೂರಿಸಿ, "ಅಂಕಲ್, ಕೀಂ ಅಂತ ಕೇಳಿದ ಕೂಡಲೇ ಈ ಬಟನ್ ಒತ್ತಬೇಕು" ಎಂದಳು. ಸದರಿಯವರು ಅಭ್ಯಾಸಬಲದಿಂದ ಬಟನ್ ಬಿಟ್ಟು ವಿಸಿಲ್ ಊದಿ, ಬಲಗೈ ಎತ್ತಿ ಅಂಕ ಘೋಷಿಸಿದರು. ಹೊರಗೆ ಹೆಡ್‌ಫೋನ್ ಹಾಕಿ ಕುಳಿತಿದ್ದ ರಾಹಿಲಾ ಕುರ್ಚಿಯಿಂದ ಎದ್ದುಬಿಟ್ಟಳು. ತದನಂತರ ವಿಸಿಲನ್ನು ವಶಪಡಿಸಿಕೊಂಡು ಪರೀಕ್ಷೆ ಮುಂದುವರಿಸಲಾಯಿತು.

ಆಮೇಲೆ ಅವಳು ಎದುರು ಕುಳಿತು, ಫೈಲನ್ನು ಬಾಯಿಗೆ ಅಡ್ಡ ಹಿಡಿದು, "ಅಂಕಲ್, ನಿಮ್ಮ ಊರು ಯಾವುದು?" ಎಂದು ಕೇಳಿದಳು. ಉತ್ತರವಿಲ್ಲ. ಫೈಲು ತೆಗೆದು ಅದೇ ಸ್ವರದಲ್ಲಿ ಕೇಳಿದಳು. "ಶಂಕರಪುರ" ಎಂದರು. ಪುನಃ ಫೈಲು, ಪುನಃ ಮೌನ.

"ಅಂಕಲ್, ನೀವು ಮಾತು ಕೇಳುವುದಲ್ಲ, ತುಟಿ ನೋಡುವುದು" ಎಂದಳು ರಾಹಿಲಾ. "ತುಂಬ ವರ್ಷದಿಂದ ಹೀಗೇ ಇರಬೇಕು. ನಿಮಗೇ ಗೊತ್ತಾಗಲಿಲ್ಲ."

ಸದರಿಯವರ ಮುಖ ಬಿಳಿ ಅಂಗಿಗಿಂತ ಬಿಳಿಚಿತು. ಅರ್ಜಿದಾರಳ ಕಡೆ ತಿರುಗಿ, "ಹಾಗಾದರೆ ಆ ಹುಡುಗ ಗಡ್ಡದ ಒಳಗೆ ಹೇಳ್ತಾ ಇದ್ದನಾ ಅಕ್ಕು?" ಎಂದರು.

೭. ರಾಹಿಲಾ ತಿಳಿಸಿದಂತೆ, ಕಿವಿಯ ಒಳಗಡೆ ಶಬ್ದ ಹಿಡಿಯುವ ಕೂದಲಿನಂಥ ಸಣ್ಣ ಸಣ್ಣ ಜೀವಕಣಗಳಿರುತ್ತವೆ. ದೊಡ್ಡ ಶಬ್ದದ ಹೊಡೆತಕ್ಕೆ ಅವು ಸಾಯುತ್ತವೆ, ಸತ್ತವು ಪುನಃ ಹುಟ್ಟುವುದಿಲ್ಲ. ಗುಗ್ಗೆಯೋ ಸೋಂಕೋ ಆಗಿದ್ದರೆ ಮದ್ದಿನಲ್ಲಿ ಗುಣವಾಗುತ್ತಿತ್ತು. ಇದು ಹಾಗಲ್ಲ. ವಯಸ್ಸಿನ ಪಾಲು ಸ್ವಲ್ಪ, ಅಂಕಣದ ಪಕ್ಕ ಗೋಡೆಯಂತೆ ಪೇರಿಸಿಡುವ ಡಿಜೆ ಪೆಟ್ಟಿಗೆಗಳ ಪಾಲು ಸ್ವಲ್ಪ, ಮತ್ತು ಇಷ್ಟು ವರ್ಷ ತನ್ನ ಕಿವಿಯ ಬುಡದಲ್ಲೇ ಊದಿಕೊಂಡ ಸ್ವಂತ ವಿಸಿಲಿನ ಪಾಲು ಬಹಳ. ಇಂಥ ಕಿವಿಯಲ್ಲಿ ಸಪೂರ ಸ್ವರಗಳು ಮೊದಲು ಹೋಗುತ್ತವೆ. ಬಸ್ಸು, ಚೆಂಡೆ ಉಳಿಯುತ್ತವೆ. ಮಕ್ಕಳ ಸ್ವರ, ಹೆಂಗಸರ ಸ್ವರ ಹೋಗುತ್ತದೆ. ಉಳಿದಷ್ಟನ್ನು ಸಾಧನ ಹಾಕಿ ಎತ್ತಿಕೊಳ್ಳಬಹುದು. ಮನೆಯವರು ಕಿರುಚಬಾರದು, ಎದುರು ಬಂದು, ಬೆಳಕಿನಲ್ಲಿ ನಿಂತು, ನಿಧಾನವಾಗಿ ಮಾತಾಡಬೇಕು.

ಇದರಿಂದಾಗಿ ಅರ್ಜಿದಾರಳು ಆರು ವರ್ಷ ಕೂಡಿಟ್ಟ ಸಿಟ್ಟು ಒಮ್ಮೆಲೇ ವಾರಸುದಾರರಿಲ್ಲದ ಸೊತ್ತಾಯಿತು. ಬೇಕೆಂದೇ ಕೇಳಿಸಿಕೊಳ್ಳುವುದಿಲ್ಲ ಎಂದು ದಿನವೂ ಶಪಿಸಿದ್ದಳು; ಅವರಿಗೆ ಮೊದಲು ಕಳೆದುಹೋದದ್ದೇ ಅವಳ ಸ್ವರವಾಗಿತ್ತು. ತಿರುಗಿ ಬರುವ ಬಸ್ಸಿನಲ್ಲಿ ಅರ್ಜಿದಾರಳು ಕಿಟಕಿಯ ಕಡೆ ಮುಖ ಮಾಡಿ ಅತ್ತಳು. ಪಕ್ಕದಲ್ಲಿ ಕುಳಿತವರಿಗೆ ಕೇಳಿಸಲಿಲ್ಲ.

೮. ಸದರಿಯವರು ಅಂದೇ ಅಳಿಯನ ಮನೆಗೆ ಹೋಗಿ ಕೈ ಹಿಡಿದು ತಪ್ಪೊಪ್ಪಿಕೊಂಡರು. "ಇರ್ಲಿ ಮಾವ, ಮಗು ಆದ ಮೇಲೆ ಗಡ್ಡ ತೆಗೀತೇನಲ್ಲ, ಆಗ ಸರಿಯಾಗಿ ಕಾಣ್ತದೆ" ಎಂದು ಕೀರ್ತನ್ ಸಮಾಧಾನಪಡಿಸಿದನು. ಸಾಧನವೂ ಬಂತು, ಅವಲಕ್ಕಿಯಷ್ಟು ಹಗುರದ್ದು. ಆದರೆ ಅಂಕಣದಲ್ಲಿ ಹಾಕಲು ಸುತರಾಂ ಒಪ್ಪಲಿಲ್ಲ. ಆಟದಲ್ಲಿ ಆಭರಣ ಧರಿಸಬಾರದೆಂಬ ನಿಯಮವಿದೆಯಂತೆ.

"ಇದು ಆಭರಣ ಅಲ್ಲ, ಕಿವಿ!" ಎಂದಳು ಅರ್ಜಿದಾರಳು.

"ಕಿವಿಗೆ ಹಾಕುವುದು ಆಭರಣವೇ ಅಕ್ಕು. ನಿನ್ನ ಬೆಂಡೋಲೆ ಎಂತದು ಮತ್ತೆ?"

ಒತ್ತಾಯಿಸಿದಾಗ ನಿಜ ಹೊರಬಿತ್ತು. "ಗ್ಯಾಲರಿಯಿಂದ ಕೆಪ್ಪ ಅಂಪಾಯರ್ ಅಂತ ಕೂಗಿದರೆ ನಾನು ಮುಖ ಎಲ್ಲಿ ಇಡುವುದು?"

"ಕೂಗಿದ್ದು ನಿಮಗೆ ಕೇಳ್ತದಲ್ಲ! ಕೆಪ್ಪ ಅಲ್ಲ ಅನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಎಂತ ಬೇಕು?"

ಸದರಿಯವರು ವಿಸಿಲನ್ನು ಮೊಳೆಗೆ ನೇತುಹಾಕಿ, ಇನ್ನು ಅಂಕಣಕ್ಕೆ ಇಳಿಯುವುದಿಲ್ಲ ಎಂದರು. ನಿಯಮಪುಸ್ತಕವನ್ನೂ ಮುಟ್ಟಲಿಲ್ಲ. ಕಬಡ್ಡಿ ಇಲ್ಲದ ಉಮಾನಾಥರು ಹೇಗಿರುತ್ತಾರೆಂದು ಅರ್ಜಿದಾರಳು ಒಂದು ವಾರ ನೋಡಿದಳು. ಎರಡನೆಯ ವಾರ ನೋಡುವ ಧೈರ್ಯ ಆಗಲಿಲ್ಲ.

೯. ಕಾರಣ, ಎರಡನೆಯ ಸುಳ್ಳು. "ಪಾಸ್ಕಲ್ ಮಾಸ್ಟ್ರು ಫೋನ್ ಮಾಡಿದ್ರು. ಇನ್ನು ಅಂಕಣದಲ್ಲಿ ಸಾಧನ ಹಾಕಲೇಬೇಕಂತೆ. ಆದೇಶ ಪೋಸ್ಟಿನಲ್ಲಿ ಬರ್ತದಂತೆ" ಎಂದು ಕಳೆದ ಸೋಮವಾರ ತಿಳಿಸಲಾಯಿತು. ಸದರಿಯವರು ಕೂಡಲೇ ಎದ್ದುನಿಂತು, "ಆದೇಶ ಅಂದರೆ ಆದೇಶ" ಎಂದು ಸಾಧನ ಹಾಕಿ ಶಾಲೆಯ ಮೈದಾನಕ್ಕೆ ಹೋದರು. ಮೊದಲ ಸಲ ವಿಸಿಲ್ ಊದಿ, ಅದರ ಶಬ್ದಕ್ಕೆ ತಾವೇ ಹಾರಿಬಿದ್ದು, "ಅಬ್ಬಾ, ಇದನ್ನು ಇಷ್ಟು ವರ್ಷ ಹೇಗೆ ಸಹಿಸಿದಿರಿ ಮಾರಾಯ್ರೆ?" ಎಂದು ಆಟಗಾರರನ್ನು ಕೇಳಿದರಂತೆ. ಈಗ ಅಗತ್ಯವಿದ್ದಾಗ ಮಾತ್ರ, ಮೆಲ್ಲನೆ ಊದುತ್ತಾರೆ. ಮುಂಬರುವ ಕಾರ್ಕಳದ ಪಂದ್ಯಾಟದಲ್ಲಿ ಮೈಕ್ ಹಿಡಿದು ಶಾಲು ಹಿಂದಿರುಗಿಸುತ್ತೇನೆ ಎಂದೂ ಹೊರಟಿದ್ದಾರೆ. ಆದರೆ ದಿನವೂ ಗೇಟಿನಲ್ಲಿ ನಿಂತು ಪೋಸ್ಟ್‌ಮ್ಯಾನ್ ದಾರಿ ನೋಡುತ್ತಾರೆ. ಆದೇಶ ಬಾರದಿದ್ದರೆ ಸಾಧನ ಪೆಟ್ಟಿಗೆ ಸೇರುವುದು ಖಂಡಿತ.

೧೦. ಕೊನೆಯದಾಗಿ. ಆದೇಶ ಅಂಕಣಕ್ಕೆ ಮಾತ್ರ ಎಂದು ಸದರಿಯವರು ಮನೆಯ ಗೇಟಿನಲ್ಲೇ ಸಾಧನ ತೆಗೆದು ಒಳಗೆ ಬರುತ್ತಾರೆ. ಶುಕ್ರವಾರ ಸಂಜೆ ಮರೆತರು. ಅರ್ಜಿದಾರಳು ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತ, ರೂಢಿಯಂತೆ ಗೋಡೆಯೊಂದಿಗೆ ಮಾತಾಡುತ್ತಿದ್ದಳು: "ಒಂದು ದಿನ ನನ್ನ ಹತ್ತಿರ ಬಂದು ಕೂತದ್ದುಂಟಾ ಈ ಮನುಷ್ಯ?"

"ಕರೆದರೆ ಬರುವುದಿಲ್ಲವಾ?" ಎಂದು ಚಾವಡಿಯಿಂದ ಉತ್ತರ ಬಂತು.

ಅರ್ಜಿದಾರಳ ಕೈಯಿಂದ ಕಾಯಿಯ ಹೋಳು ಬಿತ್ತು. ಸದರಿಯವರು ಬಂದು ಪಕ್ಕದ ಮಣೆಯ ಮೇಲೆ ಕುಳಿತರು. "ನೀನು ದಿನಾ ಹೀಗೆ ಮಾತಾಡ್ತೀಯಾ?"

"ಆರು ವರ್ಷದಿಂದ."

"ಎಂತೆಲ್ಲ ಹೇಳಿದ್ದೀ?"

"ಬೈದದ್ದೇ ಹೆಚ್ಚು."

"ಆಯಿತು" ಎಂದರು ಅವರು, ಕಾಲು ಮಡಚಿ ಸರಿಯಾಗಿ ಕುಳಿತು. "ಶುರುವಿನಿಂದ ಬೈ."

ಸಾರು ಉಕ್ಕಿ ಒಲೆ ಆರುವವರೆಗೆ ಅರ್ಜಿದಾರಳು ಬೈದಳು. ಅಷ್ಟು ಸಂತೋಷ ಅವಳಿಗೆ ಮದುವೆಯ ದಿನವೂ ಆಗಿರಲಿಲ್ಲ. ಆಮೇಲೆ ಸದರಿಯವರು ಕಿವಿ ಮುಟ್ಟಿ ನೋಡಿಕೊಂಡು, ತಾನು ಅಂಕಣದ ಹೊರಗಿದ್ದೇನೆ ಎಂಬುದು ನೆನಪಾಗಿ, ನಿಯಮಾನುಸಾರ ಸಾಧನವನ್ನು ತೆಗೆದು ಪೆಟ್ಟಿಗೆಯಲ್ಲಿಟ್ಟರು.

ಆದ್ದರಿಂದ, ಮಾನ್ಯ ಅಧ್ಯಕ್ಷರು ಮೇಲಿನ ಅಂಶಗಳನ್ನು ಪರಿಶೀಲಿಸಿ, ಶ್ರವಣ ಸಾಧನವು ಆಭರಣವಲ್ಲ ಎಂದು ಸ್ಪಷ್ಟಪಡಿಸಿ ಕೂಡಲೇ ಲಿಖಿತ ಆದೇಶ ನೀಡಬೇಕಾಗಿಯೂ, ಅರ್ಜಿದಾರಳ ಮಾನ ಉಳಿಯುವ ಸಲುವಾಗಿ ಅದಕ್ಕೆ ಕಳೆದ ಸೋಮವಾರದ ದಿನಾಂಕ ಹಾಕಬೇಕಾಗಿಯೂ, ಡಿಜೆ ಪೆಟ್ಟಿಗೆಗಳನ್ನು ಅಂಕಣದಿಂದ ದೂರ ಇರಿಸಬೇಕಾಗಿಯೂ, ತಾವು ಸೇರಿದಂತೆ ಎಲ್ಲ ಅಂಪಾಯರುಗಳ ಕಿವಿಯನ್ನು ವರ್ಷಕ್ಕೊಮ್ಮೆ ಪರೀಕ್ಷಿಸಬೇಕಾಗಿಯೂ ಕೋರಲಾಗಿದೆ.

ತಾವು ಇದನ್ನು ಮಾಡಿಯೇ ಕೊಡುವಿರೆಂಬ ನಂಬಿಕೆಯಲ್ಲಿ ತಮ್ಮ ವಿಶ್ವಾಸಿ,
(ಅಕ್ಕು ಉಮಾನಾಥ ಸಾಲಿಯಾನ್)

ಲಗತ್ತುಗಳು:
(ಅ) ಕಿವಿ ಪರೀಕ್ಷೆಯ ವರದಿಯ ಪ್ರತಿ.
(ಆ) ಕೀರ್ತನನ ಈಚಿನ ಭಾವಚಿತ್ರ. ಬಾಯಿ ಇರುವ ಸ್ಥಳವನ್ನು ಕೆಂಪು ಪೆನ್ನಿನಲ್ಲಿ ಗುರುತಿಸಿದೆ.

ವಿಶೇಷ ಸೂಚನೆ: ಆದೇಶದಲ್ಲಿ "ಅಂಕಣ" ಎಂದರೆ ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ವಿವರಿಸಿ, ಅದರ ಒಂದು ಗೆರೆಯನ್ನು ಶಂಕರಪುರದ ಸದರಿ ಅಡುಗೆಮನೆಯ ಹಿಂಬಾಗಿಲಿನವರೆಗೆ ಎಳೆಯಬೇಕಾಗಿ ಪ್ರಾರ್ಥನೆ. ಬೈಯುವುದು ಇನ್ನೂ ಮೊದಲ ವರ್ಷದಲ್ಲೇ ಇದೆ.