ಗೋಡೆಗೆ ಒಲ್ಲದ ಪೈಲವಾನರು

ಕೊಳ್ಳುವ ವಿದ್ಯೆ ಬೇರೆ, ಕೊಂಡದ್ದನ್ನು ಇಡುವ ವಿದ್ಯೆ ಬೇರೆ. ಮೊದಲನೆಯದರಲ್ಲಿ ನನ್ನನ್ನು ಮೀರಿಸುವವರು ಬನಹಟ್ಟಿ, ರಬಕವಿ ಎರಡೂ ಪೇಟೆ ಜಾಲಾಡಿದರೂ ಸಿಕ್ಕಲಿಕ್ಕಿಲ್ಲ. ಇದು ಹೆಮ್ಮೆಯ ಮಾತಲ್ಲ, ಹೊಟ್ಟೆಪಾಡಿನ ಮಾತು. ಮೀಸೆ ಚಿಗುರುವ ವಯಸ್ಸಿನಲ್ಲಿ ಮುಧೋಳದ ದನದ ಪೇಟೆಯಲ್ಲಿ ದಲಾಲರ ಹಿಂದೆ ತಿರುಗಿ, ಟವೆಲ್ಲಿನ ಕೆಳಗೆ ಕೈ ತೂರಿಸಿ ಬೆರಳು ಹಿಡಿದು ದರ ಹೇಳುವುದನ್ನು ಕಲಿತವನು ನಾನು. ಎತ್ತಿಗೆ ಕಲಿತದ್ದನ್ನು ಸೀರೆಗೆ ಹಚ್ಚಿದೆ. ಇಂದು ಸ್ವಂತದ ಸೀರೆ ವ್ಯಾಪಾರವಿದೆ, ಸ್ವಂತದ ಮನೆಯಿದೆ. ನಿಮಗೂ ಒಂದು ಮಾತು ಪುಕ್ಕಟೆ ಹೇಳುತ್ತೇನೆ: ಚೌಕಾಶಿ ಮಾಡುವಾಗ ಸಾಮಾನು ನೋಡಬೇಡಿ, ಮಾರುವವನ ಕಾಲು ನೋಡಿ. ಅವನು ಕಾಲು ಬದಲಿಸಿ ನಿಂತನೆಂದರೆ ದರ ಇಳಿಯುತ್ತದೆ. ಇನ್ನೊಂದು ಮಾತು, ಮೊದಲ ದರ ನಿಮ್ಮ ಬಾಯಿಂದ ಬರಬಾರದು. ಇಷ್ಟು ತಿಳಿದವನಿಗೆ ಜೀವನದಲ್ಲಿ ತೊಂದರೆ ಇರಬಾರದಿತ್ತು. ಆದರೆ ಈಚೆಗೆ ನನಗೆ ಕೂತಲ್ಲಿ ಕೂಡಲು ಆಗುತ್ತಿಲ್ಲ, ನಿಂತಲ್ಲಿ ನಿಲ್ಲಲು ಆಗುತ್ತಿಲ್ಲ. ಕಾರಣ ಅಂಗೈಯಗಲದ ಕಾಗದದ ಪೈಲವಾನರು.

ಸಂಸ್ಥಾನಗಳು ಹೋಗಿ ನಾವು ಮುಂಬಯಿ ರಾಜ್ಯದವರಾದೆವು. ಅದರ ಹಿಂದೆಯೇ ದಾರೂಬಂದಿ ಬಂತು. ದಾರೂ ಹೋದ ಜಾಗಕ್ಕೆ ಚಹಾ ಬಂದು ಕೂತಿತು. ಒಂದು ಚಹಾ ಕಂಪನಿಯವರು ಇದನ್ನು ನೋಡಿ, ಪ್ರತಿ ಪುಡಿಕೆಯಲ್ಲೂ ಒಬ್ಬೊಬ್ಬ ಪೈಲವಾನನ ಬಣ್ಣದ ಚಿತ್ರ ಇಡತೊಡಗಿದರು. ಮುಂದೆ ಲಂಗೋಟಿ ಕಟ್ಟಿ ತೊಡೆ ತಟ್ಟುವ ಭಂಗಿ. ಹಿಂದೆ ಅವನ ಊರು, ತೂಕ, ಗೆದ್ದ ಕುಸ್ತಿಗಳು. ಚಹಾ ಕೊಂಡರೆ ಪೈಲವಾನ ಪುಕ್ಕಟೆ! ಪುಕ್ಕಟೆ ಎಂಬ ಶಬ್ದ ಕಿವಿಗೆ ಬಿದ್ದರೆ ನನ್ನಂಥವನ ನಿದ್ದೆ ಹಾರುತ್ತದೆ. ಈ ಸಲ ಖರೆಯಾಗಿಯೂ ಹಾರಿತು, ಏಕೆಂದರೆ ಚಿತ್ರ ಕೂಡಿಸಲು ಮನೆಯವರೆಲ್ಲ ಹೊತ್ತಿಲ್ಲ ಗೊತ್ತಿಲ್ಲ ಚಹಾ ಕುಡಿಯಬೇಕಾಯಿತು. ಬಂದವರಿಗೆ ಚಹಾ, ಹೊರಟವರಿಗೆ ಚಹಾ. ಭಿಕ್ಷಕ್ಕೆ ಬಂದ ಅಯ್ಯನವರು ಕೂಡ, "ಬ್ಯಾಡ್ರೀ ಸಾವಕಾರ್ರ, ಎದಿ ಹಾರತೈತಿ, ಜ್ವಾಳಾ ಇದ್ರ ಕೊಡ್ರಿ" ಎಂದು ಕೈಮುಗಿದರು. ಉಳಿದ ಪೈಲವಾನರೆಲ್ಲ ಕೂಡಿದರೂ ಸಾವಳಗಿಯ ಮಾಳಪ್ಪ ಒಬ್ಬ ಮಾತ್ರ ಯಾವ ಪುಡಿಕೆಯಿಂದಲೂ ಎದ್ದು ಬರಲಿಲ್ಲ. ಕೊನೆಗೆ ಬಸ್ ನಿಲ್ಲುವಲ್ಲಿನ ಚಹಾದಂಗಡಿಯವನ ಹತ್ತಿರ ಅವನಿರುವುದು ಗೊತ್ತಾಯಿತು. ಅಂಗಡಿಯವನ ಕಾಲು ನೋಡುತ್ತ ನಿಂತೆ. ಅವನು ಕಾಲು ಬದಲಿಸಿದ. ಒಂದು ಟವೆಲ್ ಕೊಟ್ಟೆ, ಮಾಳಪ್ಪ ನನ್ನವನಾದ.

ಎಲ್ಲರನ್ನೂ ಒಂದು ದಪ್ಪ ರಟ್ಟಿನ ಮೇಲೆ ಸಾಲಾಗಿ ಅಂಟಿಸಿದೆ. ಅಂಟು ಕೊಳ್ಳುವುದೇಕೆ? ನೇಕಾರರ ಓಣಿಯಲ್ಲಿದ್ದವನಿಗೆ ನೂಲಿಗೆ ಹಚ್ಚುವ ಗಂಜಿ ಇರಲಿಲ್ಲವೇ? ಬಡಿಗೇರನಿಂದ ಸಾಗವಾನಿ ಚೌಕಟ್ಟು ಮಾಡಿಸಿ, ಗಾಜು ಕೂಡಿಸಿ, ಪಡಸಾಲೆಯಲ್ಲಿ ದೇವರ ಪಟಗಳ ಸಾಲು ಮುಗಿಯುವಲ್ಲಿ ಮೊಳೆ ಹೊಡೆದು ತೂಗುಹಾಕಿದೆ. ನನ್ನ ಹೆಂಡತಿ ಗಂಗವ್ವ ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಅಲ್ಲರೀ, ಗ್ವಾಡಿ ಮ್ಯಾಲ ಗಾಜ ಹಾಕಿ ತೂಗ ಹಾಕೂದು ದೇವರನ್ನ, ಇಲ್ಲಾಂದ್ರ ಹ್ವಾದವರನ್ನ. ಇವರು ಯಾರಾಗ ಬರ್ತಾರ?"

"ಇವರು ಚಹಾದಾಗ ಬಂದವರು," ಎಂದೆ.

ಆಕೆ ಏನೋ ಗೊಣಗಿ ಒಳಗೆ ಹೋದಳು. ಆದರೆ ಕೈಗೆ ಒಂದು ರೂಢಿ ಇರುತ್ತದಲ್ಲ? ಮುಂಜಾನೆ ಬಸವಣ್ಣನಿಂದ ಶುರುಮಾಡಿ ಒಂದೊಂದೇ ಪಟಕ್ಕೆ ವಿಭೂತಿ ಹಚ್ಚಿ ಹೂ ಏರಿಸುತ್ತ ಹೋಗುವ ಕೈಗೆ ದೇವರ ಸಾಲು ಎಲ್ಲಿ ಮುಗಿಯಿತು, ಪೈಲವಾನರ ಸಾಲು ಎಲ್ಲಿ ಶುರುವಾಯಿತು ಎಂದು ಹೇಗೆ ತಿಳಿಯಬೇಕು? ಒಂದು ಮುಂಜಾನೆ ಪೈಲವಾನರ ಚೌಕಟ್ಟಿಗೂ ಹೂ ಏರಿತು, ಊದಿನಕಡ್ಡಿಯ ಹೊಗೆ ಸುತ್ತಿತು. ಅದೇ ಹೊತ್ತಿಗೆ ಸೀರೆಗೆಂದು ಬಂದ ಸಾವಳಗಿಯ ಗಿರಾಕಿಯೊಬ್ಬ ಆ ಚೌಕಟ್ಟನ್ನೇ ನೋಡುತ್ತ ಕೂತಿದ್ದ. ನೋಡಿದ, ಟೊಪ್ಪಿಗೆ ತೆಗೆದ, ಕೈಮುಗಿದ. ಸೀರೆ ಕೊಳ್ಳದೆ ಎದ್ದುಹೋದ. ನನ್ನ ದರ ಕೇಳಿ ಹೆದರಿದನೆಂದು ನಾನು ತಿಳಿದೆ.

ಮರುದಿನ ಮೊದಲನೆಯ ಬಸ್ಸಿಗೆ ಒಬ್ಬ ಮುದುಕಿ ಬಂದಳು. ಹೆಗಲ ಮೇಲೆ ಕರಿಯ ಕಂಬಳಿ, ಹಣೆ ತುಂಬ ಬೀರಪ್ಪನ ಅರಿಶಿನ ಭಂಡಾರ. ಬಾಗಿಲಲ್ಲೇ ನಿಂತು ಕೇಳಿದಳು:

"ನನ್ನ ಮಗನ್ನ ಎಲ್ಲಿ ತೂಗ ಹಾಕೀಯಪಾ?"

ಮಾಳಪ್ಪನ ತಾಯಿ ಲಗಮವ್ವ. ಗೋಡೆ ನೋಡಿದವಳೇ ಎದೆ ಬಡಿದುಕೊಂಡಳು. "ನಿನ್ನಿ ಸಂಜೀಕ ನಾ ರೊಟ್ಟಿ ಬಡ್ಯಾಕತ್ತಿದ್ನಿ. ನಿನ್ನ ಗಿರಾಕಿ ಮಾತ ಕೇಳಿ ಊರ ಮಂದಿ ಬಂದು ಬಾಗಲದಾಗ ಸುಮ್ಮ ನಿಂತ್ರು. ಯಾಕ್ರಪಾ ಅಂದ್ರ ಒಬ್ಬನೂ ಬಾಯಿ ಬಿಡವಲ್ಲ. ಮಗ ಒಳಗ ಹಾಲ ಕುಡ್ಯಾಕತ್ತಾನ, ಹೊರಗ ಮಂದಿ ಅಳಾಕ ಬಂದಾರ! ಏನ ಮಾಡಿದ್ದ ನನ್ನ ಮಗ ನಿನಗ?"

"ಯವ್ವಾ, ಇದು ಬರೇ ಚಿತ್ರ. ಚಹಾದ ಪುಡಕ್ಯಾಗ ಬಂದದ್ದು," ಎಂದೆ.

"ಚಿತ್ರಕ್ಕ ಹೂ ಯಾಕ ಏರಿಸೀರಿ ಮತ್ತ?"

ಇದಕ್ಕೆ ಉತ್ತರ ಗಂಗವ್ವನ ಹತ್ತಿರ ಇರಬೇಕಿತ್ತು. ಆಕೆ ಅಷ್ಟರಲ್ಲಿ ಚಹಾಕ್ಕೆ ನೀರಿಡಲು ಒಳಗೆ ಹೋಗಿದ್ದಳು. ಲಗಮವ್ವ ನೆಲಕ್ಕೆ ಕೂತು ಎಲ್ಲ ಹೇಳಿದಳು. ಹೋದ ವರ್ಷ ಮಾಳಪ್ಪನ ಭುಜ ಉಳುಕಿ ಅವನು ಕಣಕ್ಕೇ ಇಳಿದಿರಲಿಲ್ಲ. ಈಗ ಬರುವ ಐತವಾರ ಜಮಖಂಡಿಯಲ್ಲಿ ಕುಸ್ತಿ. "ಇದೊಂದು ಸೋತ್ರ ಲಂಗೋಟಿ ಗಂಟ ಕಟ್ಟಿ ಜಂತಿಗೆ ಸಿಗಸ್ತೇನಿ ಅಂದಾನೋ ಯಪ್ಪಾ. ಕುಸ್ತಿ ಬಿಟ್ರ ಆ ಹುಡುಗ ಬದುಕಿದ್ದೂ ಸತ್ತಂಗ. ಇಂಥಾದ್ರಾಗ ನೀ ಮದ್ಲ ಗಾಜಿನ್ಯಾಗ ಹಾಕಿ ಹೂ ಏರಿಸೀದಿ." ಆಕೆಯ ಕಣ್ಣಲ್ಲಿ ನೀರಿತ್ತು. ನನಗೂ ಕೆಡುಕೆನಿಸಿತು. ಆದರೆ ರೂಢಿ ನೋಡಿ, ಕೆಡುಕೆನಿಸಿದರೂ ನನ್ನ ಕಣ್ಣು ಆಕೆಯ ಕಾಲಿನ ಕಡೆಗೇ ಹೋಯಿತು. ಕಾಲು ಮಡಚಿ ಕೂತಿದ್ದಳು. ಅಲುಗುವ ಲಕ್ಷಣವಿರಲಿಲ್ಲ.

ಹೂ ತೆಗೆಸುತ್ತೇನೆ ಎಂದೆ. ಒಪ್ಪಲಿಲ್ಲ. ಗಾಜು ತೆಗೆಸುತ್ತೇನೆ ಎಂದೆ. "ಅದು ಮೊದಲನೇ ಮಾತು, ಮುಂದಿಂದು ಹೇಳು" ಎಂದಳು. ಗಾಜು ಬಿಚ್ಚಿ, ಮಾಳಪ್ಪನನ್ನೇ ಕಿತ್ತು ಕೊಟ್ಟುಬಿಡೋಣವೆಂದು ಚಿತ್ರದ ಮೂಲೆಗೆ ಉಗುರು ಹಾಕಿದೆ. ಗಂಜಿ ಹಿಡಿದದ್ದು ಬಿಡುತ್ತದೆಯೇ? ಕಾಗದ ಚರ್‍ರೆಂದಿತು. "ಏ, ನನ್ನ ಮಗನ ಚರ್ಮಾ ಸುಲೀತಿ ಏನು!" ಎಂದು ಆಕೆ ಚೀರಿದ ದನಿಗೆ ಎದುರು ಮನೆಯ ಮಗ್ಗ ನಿಂತಿತು. ಆಗಲಿ, ಗೋಡೆಯ ಮೇಲೆ ಬೇಡ ಎಂದು ಚೌಕಟ್ಟನ್ನು ಇಳಿಸಿ ಟ್ರಂಕಿನ ಮೇಲೆ ಮಲಗಿಸಿದೆ.

"ಅಂಗಾತ ಕೆಡವಿದಿ! ಕುಸ್ತಿಗಿಂತ ಮದ್ಲ ಬೆನ್ನ ಮಣ್ಣಿಗೆ ಹಚ್ಚಿದಿ!"

ತಿರುವಿ ಹಾಕಿದೆ.

"ಬೋರಲ ಬಿದ್ದವನ್ನ ಹಿಂದಿಂದ ಹಿಡದು ಹೊರಳಸ್ತಾರ. ಕುಸ್ತಿ ನೋಡೇ ಇಲ್ಲೇನ ನೀ?"

ಗೋಡೆಗೆ ಆನಿಸಿ ನಿಲ್ಲಿಸಿದೆ.

"ಗ್ವಾಡಿಗೆ ಆನಕೊಂಡ ನಿಂತ ಪೈಲವಾನ ಅಂದ್ರ ದಣದಾನ ಅಂತ. ಸೋಲಾಕ ಮತ್ತೇನ ಬೇಕು?"

ಆ ಮುದುಕಿಯ ಪ್ರಕಾರ ತೂಗುಹಾಕಿದರೆ ಸಾವು, ಮಲಗಿಸಿದರೆ ಸೋಲು, ಆನಿಸಿದರೆ ದಣಿವು. ನನಗೆ ಸಿಟ್ಟು ಬಂತು. "ಹಂಗಾರ ಏನ ಮಾಡ್ಲಿ ಯವ್ವಾ? ಕೈಯಾಗ ಹಿಡಕೊಂಡು ನಿಂದರ್ಲ್ಯಾ?"

"ಹಾಂ!" ಎಂದು ಎದ್ದೇ ಬಿಟ್ಟಳು. "ಈಗ ಬರೋಬ್ಬರಿ ಮಾತಾಡಿದಿ ನೋಡು. ಐತವಾರ ಊಟಾ ಆದಮ್ಯಾಲ ಹಿಡಿ, ಕುಸ್ತಿ ಬಿಡೂತನಕ ಹಿಡಿ. ಉಳದ ದಿನ ಕುರ್ಚೇದ ಮ್ಯಾಲ ಕುಂದ್ರಸು, ಸಾಕು."

ಮೊದಲ ದರ ನನ್ನ ಬಾಯಿಂದಲೇ ಬಂದಿತ್ತು. ಆಕೆ ಗಂಗವ್ವ ತಂದ ಚಹಾ ಕುಡಿದು, ಹಣೆಯ ಭಂಡಾರವನ್ನೇ ಒಂದಿಷ್ಟು ನನ್ನ ಹಣೆಗೂ ಹಚ್ಚಿ ಬಸ್ಸಿಗೆ ಹೋದ ಮೇಲೆ ಲೆಕ್ಕ ಹಾಕಿದೆ: ಇಡೀ ಚೌಕಾಶಿಯಲ್ಲಿ ಆಕೆ ಒಂದು ಹೆಜ್ಜೆ ಕೂಡ ಇಳಿದಿರಲಿಲ್ಲ.

ಐತವಾರದವರೆಗೆ ಮನೆಯಲ್ಲಿದ್ದ ಒಂದೇ ಕುರ್ಚಿಯಲ್ಲಿ ಪೈಲವಾನರು ಕೂತರು. ನಾನು ಪಡಸಾಲೆಯಲ್ಲಿ ಶತಪಥ ತಿರುಗಿದೆ. ಇದೆಲ್ಲ ಹುಚ್ಚು, ಬೆನ್ನು ಮಣ್ಣಿಗೆ ಹತ್ತುವುದು ಜಮಖಂಡಿಯಲ್ಲೇ ಹೊರತು ನನ್ನ ಪಡಸಾಲೆಯಲ್ಲಲ್ಲ ಎಂದು ನನಗೆ ನಾನೇ ಬುದ್ಧಿ ಹೇಳಿಕೊಂಡೆ. ಐತವಾರ ಊಟವಾಯಿತು. ಕೈ ತೊಳೆದೆ. ಸುಮ್ಮನೆ ಒಂದು ಸಲ ಹಿಡಿದು ನೋಡೋಣ, ಎಷ್ಟು ಭಾರವಿದೆ ಎಂದು ಎತ್ತಿದೆ. ಎತ್ತಿದವನಿಗೆ ಇಳಿಸುವ ಧೈರ್ಯವಾಗಲಿಲ್ಲ.

ಸರಿಯಾಗಿ ಆಗಲೇ ಸೊಲ್ಲಾಪುರದ ವ್ಯಾಪಾರಿ ಬರಬೇಕೆ! ನನ್ನ ಹಳೆಯ ಗಿರಾಕಿ, ಬೆರಳಿನ ಭಾಷೆ ನನ್ನಷ್ಟೇ ಬಲ್ಲವನು. ಓಣಿಯ ನಾಲ್ಕು ಮಂದಿ ಕೂತಿದ್ದರು, ಬಾಯಿಬಿಟ್ಟು ದರ ಹೇಳುವಂತಿರಲಿಲ್ಲ. ಅವನು ಟವೆಲ್ ಹರಡಿ ಕೈ ಚಾಚಿದ. ನನ್ನ ಎರಡೂ ಕೈ ಚೌಕಟ್ಟಿನಲ್ಲಿ. ಏನಿದು ಎಂದು ಕೇಳಿದ, ಹೇಳಿದೆ. ನಗುತ್ತಾನೆಂದುಕೊಂಡಿದ್ದೆ. ಅವನು ಗಂಭೀರವಾಗಿ ಎದ್ದುಬಂದು, "ಮದ್ಲ ಹೇಳಬಾರದೇನ್ರಿ? ನಾನೂ ತಾಲೀಮಿನ ಮಣ್ಣು ತಿಂದವ. ಈ ಕಡೆ ನಾ ಹಿಡೀತೇನಿ, ಆ ಕಡೆ ನೀವು ಹಿಡೀರಿ" ಎಂದು ಒಂದು ಅಂಚು ಹಿಡಿದೇ ಬಿಟ್ಟ. ನಡುವೆ ಚೌಕಟ್ಟು, ಅದರ ಕೆಳಗೆ ಟವೆಲ್, ಟವೆಲ್ಲಿನ ಕೆಳಗೆ ಎರಡು ಕೈ. ನನ್ನ ಲಕ್ಷ್ಯವೆಲ್ಲ ಚೌಕಟ್ಟು ಹಿಂದಕ್ಕೆ ವಾಲದಂತೆ ನೋಡುವುದರಲ್ಲಿ. ಅವನು ಎಷ್ಟು ಬೆರಳು ಹಿಡಿದನೋ, ನಾನು ಯಾವುದನ್ನು ಒತ್ತಿದೆನೋ! "ಆತು, ಕೊಟ್ರಿ" ಎಂದು ಅವನು ಕೈ ಎಳೆದುಕೊಂಡಾಗ ಸೀರೆಗಳು ಹೆಚ್ಚು ಕಡಿಮೆ ನೂಲಿನ ದರಕ್ಕೆ ಹೋಗಿದ್ದವು. ಕೊಟ್ಟ ಭಾಷೆ ಭಾಷೆಯೇ, ಹಿಂತೆಗೆದುಕೊಳ್ಳುವಂತಿಲ್ಲ. ಆದ್ದರಿಂದ ಓದುಗರಿಗೆ ಇನ್ನೊಂದು ಬುದ್ಧಿಮಾತು: ನಿಮ್ಮ ಸಹಾಯಕ್ಕೆ ಓಡಿಬಂದವನ ಜೊತೆ ಅದೇ ಹೊತ್ತಿಗೆ ವ್ಯಾಪಾರ ಮಾಡಬೇಡಿ.

ಸಂಜೆಯ ಬಸ್ಸಿನವರು ಸುದ್ದಿ ತಂದರು, ಮಾಳಪ್ಪ ಗೆದ್ದ. ಎದುರಾಳಿಯನ್ನು ಎತ್ತಿ ಒಗೆದನಂತೆ. ನಾನು ಜೋಲು ಬಿದ್ದ ತೋಳುಗಳಿಗೆ ಎಳ್ಳೆಣ್ಣೆ ತಿಕ್ಕಿಸಿಕೊಳ್ಳುತ್ತ, "ಅವನ ಭುಜ ಗಟ್ಟಿ, ಗೆದ್ದಾನ. ಇದರಾಗ ನಂದೇನೈತಿ?" ಎಂದೆ. ಯಾರಾದರೂ ಅಲ್ಲಗಳೆಯಲೆಂದು ಸ್ವಲ್ಪ ಹೊತ್ತು ಕಾದೆ. ಯಾರೂ ಅಲ್ಲಗಳೆಯಲಿಲ್ಲ.

ಆ ವಾರವೇ ಮಾಳಪ್ಪ ನಮ್ಮ ಮನೆಗೆ ಬಂದ. ತಲೆಗೆ ಗೆದ್ದ ರುಮಾಲು, ಬಾಗಿಲಿಗೆ ಅಡ್ಡವಾಗುವಂಥ ಆಳು, ದನಿ ಮಾತ್ರ ಮೆತ್ತಗೆ. ಕುರ್ಚಿಯ ಮೇಲಿದ್ದ ತನ್ನನ್ನು ತಾನೇ ನೋಡಿ ನಕ್ಕ.

"ನಿಮಗೂ ಕೆಲಸ ಹಚ್ಚ್ಯಾಳ್ರಿ ನಮ್ಮವ್ವ? ಬ್ಯಾಸರಾ ಮಾಡಕೋಬ್ಯಾಡ್ರಿ ಸಾವಕಾರ್ರ. ಆ ದಿನ ಸಾಲಿ ಮಾಸ್ತರಗ ಉಪ್ಪು ಬಿಡಿಸ್ಯಾಳ. ನಮ್ಮ ಮಾವಗ ಇಡೀ ದಿನ ಒಂಟಿಗಾಲಾಗ ಕೆರವು ಹಾಕಿಸ್ಯಾಳ. ಬಸ್ಸಿನ ಡ್ರೈವರಗ ಹಾರ್ನ್ ಬಾರಸಬ್ಯಾಡ ಅಂದಾಳ. ಈಗ ಊರಾಗ ಒಬ್ಬೊಬ್ಬನೂ ಗೆದ್ದದ್ದು ನನ್ನಿಂದ ಅಂತಾನ್ರಿ. ನಾ ಗೆದ್ದೇನಿ ಅಂತ ಹೇಳಾಕ ಒಬ್ಬನೂ ತಯಾರಿಲ್ಲ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಒಳಗೆ ಒಂದು ಕಡೆ ಚುರ್ ಎಂದಿತು. ಮಾಸ್ತರರ ಉಪ್ಪಂತೆ! ಒಂಟಿ ಕೆರವಂತೆ! ಅಂಥವುಗಳಿಂದ ಕುಸ್ತಿ ಗೆಲ್ಲಲಾಗುತ್ತದೆಯೇ? ಜನರಿಗೆ ಬುದ್ಧಿ ಯಾವಾಗ ಬರುತ್ತದೋ! ಹಿಡಿದು ನಿಲ್ಲುವುದೆಂದರೆ ಅದರ ಮಾತೇ ಬೇರೆ.

ಚೌಕಟ್ಟನ್ನು ಮಾರಿಬಿಡಿ ಎಂದು ಗಂಗವ್ವ ಹೇಳುತ್ತಾಳೆ. ಸೊಲ್ಲಾಪುರದವನು ಒಳ್ಳೆಯ ದರವನ್ನೂ ಕೇಳಿದ್ದಾನೆ. ನಾನು ಕಾಲು ಬದಲಿಸಿದೆನೇ ಹೊರತು ಹೂಂ ಎನ್ನಲಿಲ್ಲ. ಮಾರಿದ ಮೇಲೆ ಅವನು ಅದನ್ನು ಗೋಡೆಗೆ ಹಾಕುತ್ತಾನೋ, ನೆಲಕ್ಕೆ ಮಲಗಿಸುತ್ತಾನೋ ಯಾರು ಬಲ್ಲರು? ನಾನು ಇಂಥವನ್ನೆಲ್ಲ ನಂಬುವವನಲ್ಲ. ಆದರೆ ಮಾಳಪ್ಪನಿಗೆ ಇವತ್ತು ಮುಧೋಳದಲ್ಲಿ ಕುಸ್ತಿ ಇದೆ, ಎದುರಾಳಿ ಕೊಲ್ಲಾಪುರದವನು, ಭಾರೀ ಆಳಂತೆ. ಲಗಮವ್ವ ಈ ಸಲ ಏನೂ ಹೇಳಿ ಕಳಿಸಿಲ್ಲ, ಮರೆತಿರಬೇಕು. ಮರೆತದ್ದು ಆಕೆ, ಸೋಲುವವನು ಅವನು. ಹೀಗಾಗಿ ಊಟವಾದಾಗಿನಿಂದ ಕಪಾಟಿನ ಮೇಲೆ ಹಾಳೆಯಿಟ್ಟು, ಅದು ಹಾರದಂತೆ ತೂಕದ ಕಲ್ಲು ಹೇರಿ, ನಿಂತೇ ಬರೆಯುತ್ತಿದ್ದೇನೆ. ಬಲಗೈಯಲ್ಲಿ ಲೇಖಣಿ, ಎಡಗೈಯಲ್ಲಿ ಪೈಲವಾನರು. ಗಂಗವ್ವ ಈಗ ಚಹಾ ತಂದು ನನ್ನ ಮುಂದೆ ಹಿಡಿದಿದ್ದಾಳೆ.

"ನಂಬೂದಿಲ್ಲ ಅಂದ್ರಿ?"

"ನಂಬೂದಿಲ್ಲ."

"ಮತ್ತ ಚಹಾ ಆರತೈತಿ, ಒಂದು ಕೈ ಬಿಡ್ರಿ."

ಚಹಾ ಕುಡಿಯಬೇಕೆಂದರೆ ಎರಡರಲ್ಲಿ ಒಂದನ್ನು ಕೆಳಗಿಡಲೇಬೇಕು. ಬಸ್ಸು ಬರಲು ಇನ್ನೂ ಹೊತ್ತಿದೆ, ಮುಧೋಳದಲ್ಲಿ ಏನು ನಡೆದಿದೆಯೋ ಗೊತ್ತಿಲ್ಲ. ಲೇಖಣಿ ಇಡುತ್ತಿದ್ದೇನೆ.