ಕಲ್ಲುಪ್ಪಿನ ಕರಾವಳಿ

ನಿವೃತ್ತಿಯಾದ ಮೇಲೆ ನಾನು ಈ ಜಗತ್ತಿನಿಂದ ಬೇಡಿದ್ದು ಒಂದೇ: ಅಂಗಳದ ನೇರಳೆ ಮರದ ಕೆಳಗೆ ಒಂದು ಪ್ಲಾಸ್ಟಿಕ್ ಕುರ್ಚಿ. ಮರ ಇತ್ತು, ಕುರ್ಚಿ ಇತ್ತು, ಕೂರುವ ಮನುಷ್ಯನೂ ಸಿದ್ಧನಿದ್ದ. ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಮೂರೂ ಪಾಳಿ ದುಡಿದು, ಹಗಲು ರಾತ್ರಿಯ ವ್ಯತ್ಯಾಸವೇ ಮರೆತುಹೋಗಿದ್ದ ನನಗೆ, ಸೈರನ್ನಿಗೆ ಬೆಚ್ಚಿ ಏಳದೆ ಸುಮ್ಮನೆ ಕೂರುವುದೇ ಮೋಕ್ಷವಾಗಿತ್ತು. ಆ ಮೋಕ್ಷ ಮೇ ತಿಂಗಳವರೆಗೆ ಚೆನ್ನಾಗಿಯೇ ನಡೆಯಿತು.

ಮೇ ತಿಂಗಳೆಂದರೆ ಶಾಲೆಗೆ ರಜೆ. ಶಾಲೆಗೆ ರಜೆಯೆಂದರೆ ಬಿಸಿಯೂಟಕ್ಕೂ ರಜೆ. ಬಿಸಿಯೂಟ ಬೇಯಿಸುವ ನನ್ನ ಹೆಂಡತಿ ಫೂಲಿಬಾಯಿಗೆ ರಜೆಯೆಂದರೆ ನನಗೆ ಡ್ಯೂಟಿ. (ಫೂಲ್ ಅಂದರೆ ಹೂವು ಎಂದು ಮದುವೆಯ ದಿನ ಮಾವನವರು ಅರ್ಥ ಹೇಳಿದ್ದರು. ಆ ಶಬ್ದದ ಇಂಗ್ಲಿಷ್ ಅರ್ಥ ಯಾರ ಪಾಲಿಗೆ ಬರುತ್ತದೆ ಎಂದು ಹೇಳಲಿಲ್ಲ.)

ಕಾರವಾರದಲ್ಲಿರುವ ಅವಳ ತಂಗಿ ದುರ್ಗಾ ತನ್ನ ಕೈತೋಟದ ಫೋಟೊವನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದ್ದಳು. ಹಿಂದೆ ಸಮುದ್ರ, ಮುಂದೆ ಕೇದಗೆ, ನಡುವೆ ದುರ್ಗಾ.

"ನೋಡ್ರಿ ಇಲ್ಲೆ. ನಾವೂ ಇಂಥಾದ್ದ ಮಾಡೂಣು. ಕರಾವಳಿ ಗಾರ್ಡನ್" ಎಂದಳು ಫೂಲಿಬಾಯಿ.

"ಅದಕ್ಕ ಮೊದಲ ಕರಾವಳಿ ಬೇಕಲ್ಲ ಫೂಲಿ? ನಾವು ಘಟ್ಟದ ಮ್ಯಾಲ ಅದೇವಿ. ಬೇಲಿ ದಾಟಿದ್ರ ಅಡವಿ ಐತಿ."

"ನಮ್ಮ ಜಿಲ್ಲಾ ಯಾವ್ದು?"

"ಉತ್ತರ ಕನ್ನಡ."

"ಹೋದ ಮಳಿಗಾಲದಾಗ ಕರಾವಳಿಗೆ ರೆಡ್ ಅಲರ್ಟ್ ಅಂದಾಗ ನಮ್ಮ ಸಾಲಿಗೂ ರಜಾ ಕೊಟ್ರೋ ಇಲ್ಲೋ?"

"ಕೊಟ್ರು."

"ಮತ್ತ? ರಜಾಕ್ಕ ಕರಾವಳಿ, ಗಿಡಕ್ಕ ಅಡವಿ ಅಂದ್ರ ಹೆಂಗ್ರಿ?"

ಈ ವಾದಕ್ಕೆ ಸುಪ್ರೀಂ ಕೋರ್ಟಿನಲ್ಲೂ ಉತ್ತರವಿರಲಿಕ್ಕಿಲ್ಲ. ನಾನು ಕೂತಲ್ಲೇ ಸೋತೆ.

ಮರುದಿನದಿಂದ ವಿಡಿಯೊ ಕಾಲಿನಲ್ಲಿ ಸಸ್ಯ ಆಯ್ಕೆಯ ಮಹಾಸಭೆ ಶುರುವಾಯಿತು. ದುರ್ಗಾ ಅಧ್ಯಕ್ಷೆ, ಫೂಲಿಬಾಯಿ ಕಾರ್ಯದರ್ಶಿ, ಗುಂಡಿ ತೋಡುವ ಇಲಾಖೆ ನನ್ನದು. ಉಪ್ಪುಗಾಳಿ ತಡೆಯಬೇಕು, ಮರಳಿನಲ್ಲಿ ಬದುಕಬೇಕು, ಬಿಸಿಲಿಗೆ ಬಾಡಬಾರದು ಎಂಬ ಮೂರು ನಿಯಮಗಳು ಜಾರಿಯಾದವು. ಗುಲಾಬಿ ಸಂದರ್ಶನದಲ್ಲೇ ನಪಾಸು. ತೆಂಗು ಪರೀಕ್ಷೆಯಿಲ್ಲದೆ ಪಾಸು. ಕೇದಗೆ ಮುಳ್ಳಿದ್ದೂ ಪಾಸು. ಕಾಗದದ ಹೂವಿನ ಬಳ್ಳಿ ಪ್ರಥಮ ದರ್ಜೆಯಲ್ಲಿ ಪಾಸು. (ಆಯುಷ್ಯವೆಲ್ಲ ಕಾಗದ ಮಾಡಿದವನ ಮನೆಗೆ ಹೂವೂ ಕಾಗದದ್ದೇ ಬಂತು.)

ಒಂದೊಂದು ಗಿಡ ಬಂದಾಗಲೂ ನನ್ನ ಕುರ್ಚಿಗೆ ವರ್ಗಾವಣೆ. ತೆಂಗಿನ ಸಸಿಗೆಂದು ಬಾವಿಕಟ್ಟೆಗೆ ಹೋಯಿತು, ಕೇದಗೆಗೆಂದು ಬಚ್ಚಲ ಬಾಗಿಲಿಗೆ ಬಂತು. ಮನೆ ಕಟ್ಟಿ ಉಳಿದಿದ್ದ ಮರಳನ್ನು ನೇರಳೆಯ ಬುಡಕ್ಕೆ ಹರವಿ ಫೂಲಿಬಾಯಿ ಅದನ್ನು 'ಬೀಚ್' ಎಂದು ಘೋಷಿಸಿದಳು. ಬೀಚಿನಲ್ಲಿ ಕುರ್ಚಿ ಹಾಕಬಾರದಂತೆ, ಫೋಟೊ ಕೆಡುತ್ತದಂತೆ. ಹೋಗುವವರು ಬರುವವರು "ಸ್ವಲ್ಪ ಸರೀರಿ" ಅನ್ನುವ ಆ ಬಚ್ಚಲ ಬಾಗಿಲಲ್ಲಿ ಕೂತು ನನಗೆ ನಿಜವಾಗಿಯೂ ಸಾಕಾಗಿ ಹೋಗಿತ್ತು.

ಇಷ್ಟಾದರೂ ಗಿಡಗಳು ಚಿಗುರಲಿಲ್ಲ. "ಅಕ್ಕಾ, ಇವಕ್ಕ ಉಪ್ಪುಗಾಳಿ ರೂಢಿ ಐತಿ" ಎಂದಳು ದುರ್ಗಾ, ಫೋನಿನೊಳಗಿಂದ.

"ಉಪ್ಪುಗಾಳಿ ಎಲ್ಲಿಂದ ತರೂದು? ಒಂದು ಚೀಲ ಕಲ್ಲುಪ್ಪು ಉಗ್ಗಿಬಿಡು" ಎಂದೆ ನಾನು, ಬಚ್ಚಲ ಬಾಗಿಲಿನಿಂದ.

ವಾಚಕರೇ, ಅದು ವ್ಯಂಗ್ಯ. ಆದರೆ ಫೂಲಿಬಾಯಿ ತಿರುಗಿ, ಮದುವೆಯಾದಾಗಿನಿಂದ ಒಮ್ಮೆಯೂ ನೋಡದಂಥ ಕಣ್ಣಿನಿಂದ ನನ್ನನ್ನು ನೋಡಿದಳು.

"ನಿಮ್ಮ ತಲ್ಯಾಗೂ ಇಂಥಾ ಐಡಿಯಾ ಬರ್ತಾವೇನ್ರಿ!"

ತಮಾಷೆಗೆ ಅಂದೆ ಎಂದು ಆಗಲೇ ಹೇಳಬೇಕಿತ್ತು. ಹೊಗಳಿಕೆ ಕೇಳಿ ರೂಢಿಯಿಲ್ಲದ ಜೀವ, ಕರಗಿಬಿಟ್ಟೆ. ಜೊತೆಗೆ ಆಸೆಯೂ ಆಯಿತು.

"ಉಪ್ಪು ಹಾಕಿದ್ರ ನನ್ನ ಕುರ್ಚಿ ಮರದ ಬುಡಕ್ಕ ವಾಪಸ್ ಬರ್ತೈತೇನು?"

"ಬರ್ಲಿ, ಯಾರು ಬ್ಯಾಡ ಅಂತಾರ? ನಾಳೆ ಮುಂಜಾನೆಯಿಂದ ಅಲ್ಲೇ ಕುಂದರ್ರಿ."

ಸಂತೆಯಿಂದ ಆಟೊದಲ್ಲಿ ಚೀಲ ತಂದವನು ನಾನು. ಸಂಜೆಯೊಳಗೆ ಅಂಗಳಕ್ಕೆಲ್ಲ ಎರಚಿದವನೂ ನಾನೇ. ನನ್ನ ಜಾಗವೆಂಬ ಪ್ರೀತಿಗೆ ನೇರಳೆಯ ಬುಡಕ್ಕೆ ಎರಡು ಬೊಗಸೆ ಜಾಸ್ತಿಯೇ ಹಾಕಿದೆ.

ಬೆಳಗಾಯಿತು. ಒಂದು ಕೈಯಲ್ಲಿ ಕುರ್ಚಿ, ಇನ್ನೊಂದರಲ್ಲಿ ಚಹಾ ಹಿಡಿದು ಪುನರಾಗಮನಕ್ಕೆ ಬಾಗಿಲು ತೆರೆದೆ. ಬೇಲಿ ನೆಲಕ್ಕೆ ಮಲಗಿತ್ತು. ನೇರಳೆಯ ಬುಡದಲ್ಲಿ, ಕರೆಕ್ಟಾಗಿ ನನ್ನ ಜಾಗದಲ್ಲಿ, ಒಂದು ಕಾಡುಕೋಣ ನಿಂತು ಕಣ್ಣು ಮುಚ್ಚಿ ಮರಳು ನೆಕ್ಕುತ್ತಿತ್ತು. ಅದರ ಸಂಸಾರ ಅಂಗಳದ ತುಂಬ ಹರಡಿತ್ತು. ತೆಂಗಿನ ಸಸಿ ಕಡ್ಡಿಯಾಗಿತ್ತು, ಕೇದಗೆ ಚಟ್ನಿಯಾಗಿತ್ತು. ಉಪ್ಪುಗಾಳಿ ತಡೆಯುವ ಗಿಡಗಳೆಂದು ಆರಿಸಿದ್ದೆವು, ಕಾಡುಕೋಣ ತಡೆಯಬೇಕೆಂಬ ನಿಯಮ ಮಹಾಸಭೆಗೆ ಹೊಳೆದಿರಲಿಲ್ಲ. ಕೋಣ ಕಣ್ಣು ತೆರೆದು, ಪಾಳಿಗೆ ತಡವಾಗಿ ಬಂದವನನ್ನು ಮಿಲ್ಲಿನ ಸೂಪರ್‌ವೈಸರ್ ನೋಡುವ ಹಾಗೆ ನನ್ನನ್ನು ನೋಡಿತು. ನಾನು ಕುರ್ಚಿ ಸಮೇತ ಒಳಗೆ ಬಂದು ಚಿಲಕ ಹಾಕಿದೆ.

ಅವು ಅಡವಿಗೆ ಮರಳಿದ ಮೇಲೆ, ಹಿಂದಿನ ಓಣಿಯ ಫಾರೆಸ್ಟ್ ವಾಚರ್ ರೊಜಾರಿಯೊ ಬಂದ. ಮರಳು ಮುಟ್ಟಿ ನಾಲಿಗೆಗೆ ಹಚ್ಚಿಕೊಂಡ.

"ನಾವು ಅಡವ್ಯಾಗ ಉಪ್ಪು ಇಟ್ಟು ಪ್ರಾಣಿ ಕರೀತೇವಿ. ನೀವು ಮನೀಗೆ ಯಾಕ ಕರದ್ರಿ ಭೀಮಸಿಂಗಣ್ಣಾ? ಯಾರದಿದು ಐಡಿಯಾ?"

"ಇವ್ರದರೀ" ಎಂದಳು ಫೂಲಿಬಾಯಿ ತಕ್ಷಣ. "ಪೂರ್ತಿ ಇವ್ರದ. ನಾ ಸುಳ್ಳ್ಯಾಕ ಹೇಳ್ಲಿ?"

ಇಷ್ಟು ವರ್ಷದ ಸಂಸಾರದಲ್ಲಿ ಒಂದು ಐಡಿಯಾದ ಹಕ್ಕು ನನಗೆ ಪೂರ್ತಿಯಾಗಿ ಸಿಕ್ಕಿದ್ದು ಅದೇ ಮೊದಲು.

"ರುಚಿ ಹತ್ತೇತಿ, ಮತ್ತ ಬರ್ತಾವು" ಎಂದ ರೊಜಾರಿಯೊ. "ಮ್ಯಾಲಿನ ಮಣ್ಣು ಕೆತ್ತಿ ತಗೀರಿ, ಬೇಲಿ ಗಟ್ಟಿ ಮಾಡ್ರಿ. ದೊಡ್ಡ ಮಳಿ ಬಂದು ಉಪ್ಪು ತೊಳಕೊಂಡು ಹೋಗೂತನಕ ಅಂಗಳದಾಗ ಯಾರೂ ಕುಂದ್ರಬ್ಯಾಡ್ರಿ. ಅದ್ರಾಗೂ ನೀವು."

ಈಗ ಕುರ್ಚಿ ಅಡುಗೆಮನೆಯಲ್ಲಿದೆ, ಗ್ಯಾಸ್ ಸಿಲಿಂಡರಿನ ಪಕ್ಕ. ಮಣ್ಣು ಕೆತ್ತಿದ ಸೊಂಟ ಹಿಡಿದುಕೊಂಡು, ಬಾಗಿಲ ಸಂದಿಯಿಂದ ಕಾಣುವ ಟಿ.ವಿ.ಯನ್ನೇ ನೋಡುತ್ತ ಕೂತಿರುತ್ತೇನೆ.

"ದಿನಾ ಏನ್ ನೋಡ್ತೀರಿ ಅಷ್ಟ?" ಎಂದಳು ಫೂಲಿಬಾಯಿ ನಿನ್ನೆ.

"ಕರಾವಳಿಗೆ ರೆಡ್ ಅಲರ್ಟ್ ಯಾವಾಗ ಬರ್ತೈತಿ ಅಂತ."

"ಅವ್ವಾ! ನಾವು ಘಟ್ಟದ ಮ್ಯಾಲಿನವರು ಅಂತಿದ್ರಿ?"

"ನಮ್ಮ ಜಿಲ್ಲಾ ಯಾವ್ದು ಫೂಲಿ?" ಎಂದು ಕೇಳಿದೆ.

ಆಕೆ ಬೆಳ್ಳುಳ್ಳಿಯ ಬುಟ್ಟಿ ತಂದು ನನ್ನ ತೊಡೆಯ ಮೇಲಿಟ್ಟಳು.

"ಅದು ಬರೂತನಕ ಇದನ್ನ ಸುಲೀರಿ."